ಹತ್ತು ಮೆಗಾಹರ್ಟ್ಸ್ ಹಳಿ ತಪ್ಪಿದರೆ: ಜಿಪಿಎಸ್ ಗಡಿಯಾರದ ದೋಷ ಹುಡುಕುವ ಕ್ರಮ

ಮೊಬೈಲ್ ಟವರ್‌ಗಳ ಸಿಡಿಎಂಎ (ಹಳೆಯ ಮೊಬೈಲ್ ತಂತ್ರಜ್ಞಾನ) ಉಪಕರಣಗಳನ್ನು ಕಳಚಿದ ಮೇಲೆ ಅವುಗಳೊಳಗಿದ್ದ ನಿಖರ ಜಿಪಿಎಸ್ ಗಡಿಯಾರಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದು, ಹ್ಯಾಮ್ ರೇಡಿಯೊದವರ ಮತ್ತು ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಮೇಜು ಸೇರಿದವು. ಟ್ರಿಂಬಲ್ ಥಂಡರ್‌ಬೋಲ್ಟ್, ಎಚ್‌ಪಿ ಝಡ್3801ಎ ಇವುಗಳಲ್ಲಿ ಹೆಸರಾದವು. ಒಳಗಿರುವುದು ಮೂರೇ ಭಾಗ: ಸದಾ ಒಂದೇ ಬಿಸಿಯಲ್ಲಿರುವ ಓವನ್‌ನೊಳಗೆ ಕೂತ 10 ಮೆಗಾಹರ್ಟ್ಸ್ ಕ್ರಿಸ್ಟಲ್, ಒಂದು ಜಿಪಿಎಸ್ ರಿಸೀವರ್, ಎರಡನ್ನೂ ಹೋಲಿಸಿ ಕ್ರಿಸ್ಟಲ್ಲನ್ನು ಸರಿದಾರಿಯಲ್ಲಿಡುವ ಸರ್ಕ್ಯೂಟ್. ಹೊರಗೆ ಬರುವುದು ಉಳಿದ ಉಪಕರಣಗಳಿಗೆ ಅಳತೆಗೋಲಾಗುವ 10 ಮೆಗಾಹರ್ಟ್ಸ್ ಅಲೆ ಮತ್ತು ಸೆಕೆಂಡಿಗೊಂದು ಪಲ್ಸ್.

ಇಷ್ಟು ನಿಖರತೆ ಮನೆಯಲ್ಲಿ ಯಾಕೆ ಬೇಕು? ಕ್ಯೂಒ-100 ಉಪಗ್ರಹವನ್ನೇ ನೋಡಿ. ನಮ್ಮ ಊರುಗಳಿಂದ ಪಶ್ಚಿಮಕ್ಕೆ ಡಿಶ್ ತಿರುಗಿಸಿದರೆ ಸಿಗುವ ಈ ಹವ್ಯಾಸಿ ಉಪಗ್ರಹದ ಸಿಗ್ನಲ್ ಬರುವುದು ಸುಮಾರು 10,489 ಮೆಗಾಹರ್ಟ್ಸ್‌ನಲ್ಲಿ. ರೇಡಿಯೊ ಆ ಫ್ರೀಕ್ವೆನ್ಸಿಯನ್ನು ನಿಮ್ಮ 10 ಮೆಗಾಹರ್ಟ್ಸ್ ಆಧಾರದ ಮೇಲೆಯೇ ಹಿಡಿಯುವುದರಿಂದ, ಇಲ್ಲಿ ಬರೀ 1 ಹರ್ಟ್ಸ್ ತಪ್ಪಿದರೂ ಅಲ್ಲಿ ಅದು ಸಾವಿರ ಹರ್ಟ್ಸ್ ದಾಟುತ್ತದೆ. ಮಾತು ಅರ್ಥವೇ ಆಗುವುದಿಲ್ಲ.

ರೀಡಿಂಗ್ ಸರಿಯಿಲ್ಲ ಎಂದ ಕೂಡಲೇ ಹಲವರು ಸ್ಕ್ರೂಡ್ರೈವರ್ ಹಿಡಿದು ಕ್ರಿಸ್ಟಲ್‌ನ ಟ್ರಿಮ್ಮರ್ (ಫ್ರೀಕ್ವೆನ್ಸಿ ಹೊಂದಿಸುವ ಸ್ಕ್ರೂ) ತಿರುಗಿಸುತ್ತಾರೆ. ದಯವಿಟ್ಟು ಬೇಡ. ಇಡೀ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕಾದದ್ದು ಅದು. ಮೊದಲು ವಿದ್ಯುತ್, ಆಮೇಲೆ ಆಂಟೆನಾ, ಆಮೇಲೆ ರಿಸೀವರ್. ಅದೂ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾ.

ವಿದ್ಯುತ್ ಮತ್ತು ಓವನ್

ಸಪ್ಲೈ ವೋಲ್ಟೇಜನ್ನು ಪೆಟ್ಟಿಗೆ ಚಾಲೂ ಇರುವಾಗಲೇ ಅಳೆಯಿರಿ. ಲೋಡ್ ಇಲ್ಲದ ಸಪ್ಲೈ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಥಂಡರ್‌ಬೋಲ್ಟ್‌ಗೆ +5, +12, -12 ವೋಲ್ಟ್ ಮೂರೂ ಬೇಕು. ಒಂದು ಇಲ್ಲದಿದ್ದರೂ ಅದು ಅರೆಜೀವವಾಗಿ ನಡೆದು ನಿಮ್ಮನ್ನು ದಾರಿ ತಪ್ಪಿಸಬಹುದು. ಬಳಿಕ ಆಸಿಲೋಸ್ಕೋಪ್ (ಅಲೆಗಳನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಹಚ್ಚಿ ರಿಪಲ್, ಅಂದರೆ ವೋಲ್ಟೇಜಿನ ಸಣ್ಣ ಏರಿಳಿತ ನೋಡಿ. ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಈಗ ಕರೆಂಟ್ ಅಳೆಯಿರಿ. ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಇರುವ ಪರೀಕ್ಷೆ ಇದು. ತಣ್ಣಗಿರುವ ಓವನ್ ಶುರುವಿನಲ್ಲಿ ಜೋರಾಗಿ ಕರೆಂಟ್ ಎಳೆಯುತ್ತದೆ, ಕೆಲವು ನಿಮಿಷಗಳಲ್ಲಿ ಬಿಸಿ ಮುಟ್ಟಿದ ಮೇಲೆ ಸ್ಪಷ್ಟವಾಗಿ ಇಳಿದು ನಿಲ್ಲುತ್ತದೆ. ಇಳಿಯಲೇ ಇಲ್ಲವೆಂದರೆ ಶಾಖ ನಿಯಂತ್ರಣ ಕೆಟ್ಟಿದೆ. ಹೆಚ್ಚು ಎಳೆಯಲೇ ಇಲ್ಲವೆಂದರೆ ಹೀಟರ್‌ಗೆ ವಿದ್ಯುತ್ ಹೋಗುತ್ತಿಲ್ಲ. ಎಚ್‌ಪಿ 10811ರಂಥ ಹಳೆಯ ಓವನ್‌ಗಳಲ್ಲಿ ಒಳಗಿನ ಥರ್ಮಲ್ ಫ್ಯೂಸ್ ಹೋಗಿರುವುದುಂಟು. ತಣ್ಣಗಿನ ಓವನ್ ಇಟ್ಟುಕೊಂಡು ಮುಂದಿನ ಯಾವ ಅಳತೆ ಮಾಡಿಯೂ ಉಪಯೋಗವಿಲ್ಲ.

ಎಲ್ಲ ಸರಿಯಿದ್ದರೂ ಮೊದಲ ದಿನವೇ ತೀರ್ಪು ಕೊಡಬೇಡಿ. ವರ್ಷಗಟ್ಟಲೆ ಆಫ್ ಆಗಿದ್ದ ಕ್ರಿಸ್ಟಲ್ ನೆಲೆಗೊಳ್ಳಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಪದೇ ಪದೇ ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇಲ್ಲದೆ ಈ ಹವ್ಯಾಸ ಕಷ್ಟ.

ಆಂಟೆನಾ ಮತ್ತು ರಿಸೀವರ್

ಜಿಪಿಎಸ್ ಆಂಟೆನಾದೊಳಗೆ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಬೇಕಾದ 5 ವೋಲ್ಟ್ (ಕೆಲವಕ್ಕೆ 3.3) ಹೋಗುವುದು ಸಿಗ್ನಲ್ ಬರುವ ಕೇಬಲ್‌ನಲ್ಲೇ. ಆಂಟೆನಾ ತುದಿಯ ಕನೆಕ್ಟರ್‌ನಲ್ಲಿ ಮಲ್ಟಿಮೀಟರ್ ಹಿಡಿದು ಅದು ತಲುಪುತ್ತಿದೆಯೇ ನೋಡಿ. ಮಳೆಗಾಲ ಕಳೆದ ಮೇಲೆ ಉಪಗ್ರಹಗಳ ಸಂಖ್ಯೆ ಕುಸಿದಿದ್ದರೆ ಕನೆಕ್ಟರ್ ಬಿಚ್ಚಿ: ಹಸಿರುಗಟ್ಟಿದ ತಾಮ್ರ ಕಂಡರೆ ನೀರು ಇಳಿದಿದೆ ಎಂದೇ ಲೆಕ್ಕ. ಕೇಬಲ್ ಉದ್ದದ ಚಿಂತೆ ಬೇಡ. ಸಾಮಾನ್ಯ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ತಡವಾಗುತ್ತದೆ. ಅದು ಸಮಯವನ್ನು ಅಷ್ಟು ಸರಿಸುತ್ತದೆ, ಫ್ರೀಕ್ವೆನ್ಸಿ ಕೆಡಿಸುವುದಿಲ್ಲ.

ಬೇರೆ ಊರಿನಿಂದ ಬಂದ ಪೆಟ್ಟಿಗೆಯ ನೆನಪಿನಲ್ಲಿ ಆ ಊರಿನ ಸ್ಥಾನವೇ ಉಳಿದಿರಬಹುದು. ಹೊಸದಾಗಿ ಸರ್ವೆ ಮಾಡಿಸಿ. ಥಂಡರ್‌ಬೋಲ್ಟ್ ಸಾಮಾನ್ಯವಾಗಿ 2,000 ಸಲ ಸ್ಥಾನ ಅಳೆದು ಸರಾಸರಿ ತೆಗೆಯುತ್ತದೆ, ಅರ್ಧ ಗಂಟೆಗೆ ಸ್ವಲ್ಪ ಹೆಚ್ಚು ಹಿಡಿಯುತ್ತದೆ.

ದೋಷವಲ್ಲದ ಎರಡು ಸಂಗತಿಗಳು ಇಲ್ಲಿ ಗಾಬರಿ ಹುಟ್ಟಿಸುತ್ತವೆ. ಜಿಪಿಎಸ್ ವಾರಗಳ ಎಣಿಕೆ 1,024ಕ್ಕೆ ಮತ್ತೆ ಸೊನ್ನೆಯಾಗುವುದರಿಂದ ಥಂಡರ್‌ಬೋಲ್ಟ್‌ನ ದಿನಾಂಕ 2017ರ ಜುಲೈ 30ರಂದು 1997ರ ಡಿಸೆಂಬರ್‌ಗೆ ಹಾರಿತು. ತಪ್ಪುವುದು ದಿನಾಂಕ ಮಾತ್ರ. 10 ಮೆಗಾಹರ್ಟ್ಸ್ ಮತ್ತು ಸೆಕೆಂಡಿನ ಪಲ್ಸ್ ಎರಡೂ ಸರಿಯಾಗಿಯೇ ಇರುತ್ತವೆ. ಇನ್ನೊಂದು, ಗಡಿಯಾರ ಸರಿಯಾಗಿ 18 ಸೆಕೆಂಡ್ ಮುಂದಿದ್ದರೆ ಅದು ತೋರಿಸುತ್ತಿರುವುದು ಜಿಪಿಎಸ್ ಸಮಯ. ಅಧಿಕ ಸೆಕೆಂಡುಗಳನ್ನು ಸೇರಿಸಿಕೊಳ್ಳುವ ಜಾಗತಿಕ ಪ್ರಮಾಣ ಸಮಯ ಯುಟಿಸಿಗಿಂತ ಅದು 2017ರ ಜನವರಿ 1ರಿಂದ ಅಷ್ಟು ಮುಂದಿದೆ. ಸೆಟ್ಟಿಂಗ್ ಬದಲಿಸಿದರೆ ಸಾಕು.

ಕಂಟ್ರೋಲ್ ವೋಲ್ಟೇಜ್ ಹೇಳುವ ಕಥೆ

ಕ್ರಿಸ್ಟಲ್ಲನ್ನು ಹತೋಟಿಯಲ್ಲಿಡುವ ವೋಲ್ಟೇಜನ್ನು ಕೆಲವು ದಿನ ಬಿಡದೆ ದಾಖಲಿಸಿ, ಗ್ರಾಫ್ ಹಾಕಿ. ಹಗಲು-ರಾತ್ರಿಗೆ ತಕ್ಕಂತೆ ಏರಿಳಿದರೆ ಕೋಣೆಯ ಬಿಸಿ ಒಳಗೆ ತಟ್ಟುತ್ತಿದೆ. ಫ್ಯಾನ್ ಗಾಳಿ ತಪ್ಪಿಸಿ ಮೇಲೊಂದು ರಟ್ಟಿನ ಪೆಟ್ಟಿಗೆ ಕವುಚಿ. ಒಂದೇ ದಿಕ್ಕಿಗೆ ನಿಧಾನವಾಗಿ ಜರುಗಿದರೆ ಅದು ವಯಸ್ಸು, ಸಹಜ. ಥಟ್ಟನೆ ಮೆಟ್ಟಿಲಿನಂತೆ ಹಾರಿದರೆ ಮೊದಲು ಸಪ್ಲೈ ಮತ್ತು ಬೆಸುಗೆಗಳನ್ನು ನೋಡಿ, ಅವು ಸರಿಯಿದ್ದರೆ ಕ್ರಿಸ್ಟಲ್ ಮೇಲೆ ಅನುಮಾನ ಪಡಿ. ವೋಲ್ಟೇಜ್ ತನ್ನ ಮಿತಿಯ ಅಂಚಿಗೆ ಹೋಗಿ ಅಂಟಿಕೊಂಡಿದ್ದರೆ ಮಾತ್ರ, ಓವನ್ ಚೆನ್ನಾಗಿ ಬಿಸಿಯಾಗಿರುವಾಗ ಟ್ರಿಮ್ಮರ್ ತಿರುಗಿಸಿ ಮಧ್ಯಕ್ಕೆ ತನ್ನಿ.

ಹೋಲಿಸಿ ನೋಡುವುದು

ಫ್ರೀಕ್ವೆನ್ಸಿ ಎಣಿಸುವ ದುಬಾರಿ ಕೌಂಟರ್ ಇಲ್ಲದಿದ್ದರೂ ಎರಡು ಚಾನೆಲ್‌ನ ಆಸಿಲೋಸ್ಕೋಪ್ ಸಾಕು. ಒಂದು ಗಡಿಯಾರದಿಂದ ಟ್ರಿಗರ್ ಮಾಡಿ (ಅದರ ಅಲೆ ಪರದೆಯಲ್ಲಿ ನಿಂತಂತೆ ಕಾಣುತ್ತದೆ), ಇನ್ನೊಂದರ ಅಲೆ ಪರದೆಯ ಮೇಲೆ ಸರಿಯುವುದನ್ನು ನೋಡಿ. ಒಂದು ಪೂರ್ತಿ ಅಲೆ ಸರಿಯಲು 100 ಸೆಕೆಂಡ್ ಹಿಡಿದರೆ ವ್ಯತ್ಯಾಸ 0.01 ಹರ್ಟ್ಸ್, ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಎರಡೇ ಗಡಿಯಾರಗಳಿದ್ದರೆ ತಪ್ಪು ಯಾರದು ಎಂದು ತಿಳಿಯದು, ಮೂರನೆಯದನ್ನು ಸ್ನೇಹಿತರಿಂದ ಎರವಲು ತನ್ನಿ.

ಕೌಂಟರ್ 10 ಮೆಗಾಹರ್ಟ್ಸ್‌ಗಿಂತ ತೀರಾ ಹೆಚ್ಚು ತೋರಿಸಿದರೆ ಕೇಬಲ್ ತುದಿಗೆ 50 ಓಮ್ ಟರ್ಮಿನೇಷನ್ (ಅಲೆ ಮರಳದಂತೆ ತಡೆಯುವ ರೆಸಿಸ್ಟರ್) ಹಾಕಿ ಮತ್ತೆ ಅಳೆಯಿರಿ. ಅಲೆ ಮರಳಿ ಬಡಿದು ಎರಡೆರಡು ಸಲ ಎಣಿಕೆಯಾಗುತ್ತಿರಬಹುದು. ಸೆಕೆಂಡಿನ ಪಲ್ಸ್ ಥಂಡರ್‌ಬೋಲ್ಟ್‌ನಲ್ಲಿ ಬರೀ 10 ಮೈಕ್ರೊಸೆಕೆಂಡ್ ಇರುವುದರಿಂದ ಎಲ್ಇಡಿ ಹಚ್ಚಿದರೆ ಮಿನುಗಿದ್ದೇ ಕಾಣುವುದಿಲ್ಲ. ಸ್ಕೋಪನ್ನು ಆಟೊ ಬಿಟ್ಟು ನಾರ್ಮಲ್ ಟ್ರಿಗರ್‌ಗೆ ಹಾಕಿ ಹುಡುಕಿ.

ಇಷ್ಟೆಲ್ಲ ಆದಮೇಲೂ ಕ್ರಿಸ್ಟಲ್ಲೇ ಕೆಟ್ಟಿದೆ ಎಂದು ಖಚಿತವಾದರೆ ಓವನ್ ಬದಲಿಸಿ. ಸಪ್ಲೈ ವೋಲ್ಟೇಜ್, ಕಾಲುಗಳ ಜೋಡಣೆ ಹೊಂದುವುದರ ಜೊತೆಗೆ ಕಂಟ್ರೋಲ್ ವೋಲ್ಟೇಜ್ ಏರಿದಾಗ ಫ್ರೀಕ್ವೆನ್ಸಿ ಏರುತ್ತದೋ ಇಳಿಯುತ್ತದೋ ಎಂಬುದೂ ಹಳೆಯದರಂತೆಯೇ ಇರಬೇಕು. ಅದು ತಿರುವುಮುರುವಾದರೆ, ಸರ್ಕ್ಯೂಟ್ ತಿದ್ದಲು ಹೋದಷ್ಟೂ ತಪ್ಪು ಬೆಳೆದು ವೋಲ್ಟೇಜ್ ಅಂಚಿಗೆ ಹೋಗಿ ನಿಲ್ಲುತ್ತದೆ.