ಆಟಿ ಮಳೆಯಲ್ಲೂ ಮೆಟಾಫೇಸ್: ಅಂಡಾಶಯ ಕ್ಯಾನ್ಸರಿನ ಹೊಟ್ಟೆನೀರಿನಿಂದ ಕ್ರೋಮೋಸೋಮ್

ಅಂಡಾಶಯ ಕ್ಯಾನ್ಸರಿನ ಹೊಟ್ಟೆನೀರಿನಿಂದ ಬ್ಯಾಂಡಿಂಗ್‌ಗೆ (ಪಟ್ಟೆ ಮೂಡಿಸಿ ಕ್ರೋಮೋಸೋಮ್ ಗುರುತಿಸುವುದಕ್ಕೆ) ಒದಗುವ ಮೆಟಾಫೇಸ್ (ಕೋಶ ಒಡೆಯುವಾಗ ಕ್ರೋಮೋಸೋಮ್ ಬಿಡಿಬಿಡಿಯಾಗಿ ಕಾಣುವ ಹಂತ) ಮಂಗಳೂರಿನ ಮಳೆಗಾಲದಲ್ಲಿ ಸಿಗುವುದೇ ಇಲ್ಲ ಎನ್ನುವವರೇ ಹೆಚ್ಚು. ಸಿಗುತ್ತದೆ ಮಾರಾಯ್ರೆ. ಈ ಸಲದ ಆಟಿಯಲ್ಲಿ, ಅಂದರೆ ತುಳುವರ ಮಳೆ ತಿಂಗಳಲ್ಲಿ, ಬಂದ ಸ್ಯಾಂಪಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಓದಲು ಬಂದವು.

ಸುಮಾರು 200 ಮಿ.ಲೀ. ಹೊಟ್ಟೆನೀರು, ಹೆಪ್ಪುಗಟ್ಟದಂತೆ ಧಾರಾಳ ಹೆಪರಿನ್. ಹೆಪರಿನ್ ಕಡಿಮೆಯಾದರೆ ಫೈಬ್ರಿನ್ ಗಂಜಿಯ ಕೆನೆಯಂತೆ ಕಟ್ಟಿ ಗಡ್ಡೆಯ ಕೋಶಗಳನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಅಭ್ಯಾಸಬಲದಿಂದ ಯಾರಾದರೂ ಫಾರ್ಮಲಿನ್ ಸುರಿದು ಕಳಿಸಿದರೆ ಕೋಶಗಳು ಸತ್ತು ಕಥೆ ಮುಗಿಯಿತು. ರಕ್ತ ಬೆರೆತಿದ್ದರೆ ಕೆಂಪು ಕಣ ಒಡೆಯಲು 0.8% ಅಮೋನಿಯಂ ಕ್ಲೋರೈಡ್, ಐದು ನಿಮಿಷ.

ದುಡ್ಡು ತಿನ್ನುವುದು ಕೋಶ ಬೆಳೆಸಲು ಬೇಕಾದ ಸೀರಮ್. ಹೊರದೇಶದ ಅರ್ಧ ಲೀಟರ್ ಬಾಟಲಿಗೆ ಮೂವತ್ತು ಸಾವಿರದ ಆಸುಪಾಸು. ಅದಕ್ಕೇ ಅದೇ ರೋಗಿಯ ನೀರಿನ ತಿಳಿಯನ್ನು ಮೊದಲು 0.45, ಆಮೇಲೆ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಅರ್ಧ ಸೀರಮ್ಮಿನ ಜಾಗಕ್ಕೆ ಹಾಕಿ ನೋಡಿದ್ದಾಯಿತು. ಕೋಶಗಳು ತಕರಾರು ಮಾಡಲಿಲ್ಲ. ನೇರ 0.22ಕ್ಕೆ ಹೋದರೆ ಫಿಲ್ಟರ್ ಕಟ್ಟಿ ಆ ದುಡ್ಡೂ ನೀರಿಗೆ.

ಎರಡು ಫ್ಲಾಸ್ಕ್ ಇಡಿ. ಒಂದನ್ನು ಮರುದಿನವೇ, ಇನ್ನೊಂದನ್ನು ನಾಲ್ಕೈದು ದಿನಕ್ಕೆ ಹಾರ್ವೆಸ್ಟ್ ಮಾಡಿ (ಬೆಳೆದ ಕೋಶ ತೆಗೆಯಿರಿ). ಹತ್ತು ದಿನ ದಾಟಿಸಿದರೆ ಹೊಟ್ಟೆಯ ಒಳಪೊರೆಯ ಮೀಸೋಥೀಲಿಯಲ್ ಕೋಶ, ಫೈಬ್ರೋಬ್ಲಾಸ್ಟ್‌ಗಳದ್ದೇ ರಾಜ್ಯ. ನೀಟಾಗಿ ಸಹಜ ಹೆಣ್ಣಿನ 46,ಎಕ್ಸ್‌ಎಕ್ಸ್ ಬರುತ್ತದೆ. ಹೈ ಗ್ರೇಡ್ ಸೀರಸ್ ಗಡ್ಡೆಗೆ (ಅಂಡಾಶಯ ಕ್ಯಾನ್ಸರಿನ ಸಾಮಾನ್ಯ ಬಗೆ) ಆ ರಿಪೋರ್ಟ್ ಕೊಟ್ಟರೆ ಅದು ಗಡ್ಡೆಯದ್ದಲ್ಲ, ಪಕ್ಕದ ಮನೆಯದ್ದು.

ಕೋಶಗಳನ್ನು ಮೆಟಾಫೇಸಿನಲ್ಲೇ ತಡೆಯುವ ಕಾಲ್ಸೆಮಿಡ್ ಮಿ.ಲೀ.ಗೆ 0.05 ಮೈಕ್ರೋಗ್ರಾಂ, ಮೂರು ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಸಂಖ್ಯೆ ಸಿಗುತ್ತದೆ, ಬ್ಯಾಂಡ್ ಸಿಗುವುದಿಲ್ಲ. ಕೋಶ ಉಬ್ಬಿಸಲು 0.075 ಮೋಲಾರ್ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) 37 ಡಿಗ್ರಿಯಲ್ಲಿ ಇಪ್ಪತ್ತೈದು ನಿಮಿಷ. ಕೋಶ ಕೆಡದಂತೆ ಹಿಡಿದಿಡುವ ಫಿಕ್ಸೇಟಿವ್ ಮೆಥನಾಲ್, ಅಸೆಟಿಕ್ ಆಮ್ಲ 3:1, ಆಗಿಂದಾಗ್ಗೆ ಕಲಸಿದ್ದು. ಬಾಯಿ ತೆರೆದಿಟ್ಟ ಮೆಥನಾಲ್ ಇಲ್ಲಿಯ ಗಾಳಿಯ ತೇವ ಹೀರಿಕೊಳ್ಳುತ್ತದೆ. ಸಣ್ಣ ಬಾಟಲಿಗಳಲ್ಲೇ ತರಿಸಿ.

ಅಸಲಿ ತಕರಾರು ಸ್ಲೈಡ್ ಒಣಗುವಾಗ. ಹೊರಗೆ ತೇವಾಂಶ ತೊಂಬತ್ತು ದಾಟಿದರೆ ಹನಿ ನಿಧಾನ ಒಣಗಿ ಕ್ರೋಮೋಸೋಮ್‌ಗಳು ಚೆಲ್ಲಾಪಿಲ್ಲಿ. ರಕ್ತದ 46ರಲ್ಲಿ ಒಂದು ಕಳೆದರೆ ಗೊತ್ತಾಗುತ್ತದೆ. 68 ಇರುವ ಗಡ್ಡೆಕೋಶದ ನಾಲ್ಕು ಪಕ್ಕದ ಕೋಶಕ್ಕೆ ಸೇರಿದರೆ ಯಾರಿಗೂ ತಿಳಿಯದು. ಎಸಿಯೊಂದನ್ನೇ ನೆಚ್ಚಬೇಡಿ. ಹದಿನೈದು ಸಾವಿರ ಚಿಲ್ಲರೆಯ ಡಿಹ್ಯೂಮಿಡಿಫೈಯರ್, ಐನೂರರ ಹೈಗ್ರೋಮೀಟರ್, 25 ಡಿಗ್ರಿ, ಶೇ. 50. ತೀರಾ ಒಣಗಿ ಕೋಶ ಬಿಚ್ಚದಿದ್ದರೆ ಬಿಸಿನೀರಿನ ಹಬೆ ಒಂದು ಕ್ಷಣ.

ಒಣಗಿದ ಸ್ಲೈಡ್ 60 ಡಿಗ್ರಿ ಓವನ್‌ನಲ್ಲಿ ಒಂದು ರಾತ್ರಿ, ಮತ್ತೆ ಪಟ್ಟೆ ಮೂಡಿಸಲು 0.025% ಟ್ರಿಪ್ಸಿನ್. ಎಷ್ಟು ಸೆಕೆಂಡು ಎಂದು ಬರೆಯುವುದಿಲ್ಲ.

ಕಾಣುವುದು ಹೆಚ್ಚಾಗಿ ಟ್ರಿಪ್ಲಾಯ್ಡ್ (ಮೂರು ಸೆಟ್ ಕ್ರೋಮೋಸೋಮ್) ಆಸುಪಾಸು: 3ಕ್ಯೂ, 8ಕ್ಯೂ (ಕ್ಯೂ ಎಂದರೆ ಕ್ರೋಮೋಸೋಮಿನ ಉದ್ದ ತೋಳು, ಪಿ ಗಿಡ್ಡ ತೋಳು) ಹೆಚ್ಚಳ, ಗಡ್ಡೆ ತಡೆಯುವ ಟಿಪಿ53 ಜೀನ್ ಕೂತಿರುವ 17ಪಿ ನಷ್ಟ, ಗುರುತು ಹತ್ತದ ಮಾರ್ಕರ್‌ಗಳು. ಡಬಲ್ ಮಿನಿಟ್ (ಕ್ರೋಮೋಸೋಮಿನ ಹೊರಗಿನ ಸಣ್ಣ ಡಿಎನ್ಎ ತುಣುಕು) ಎಂದು ಹಿಗ್ಗುವ ಮೊದಲು ನೋಡಿ: ಜೋಡಿ ಚುಕ್ಕೆ, ಎರಡೂ ಒಂದೇ ಗಾತ್ರ, ಕೋಶದಿಂದ ಕೋಶಕ್ಕೆ ಸಂಖ್ಯೆ ಬೇರೆ. ಕೋಶದ ಹೊರಗೂ ಚುಕ್ಕೆಯಿದ್ದರೆ ಅದು ಬಣ್ಣದ ಕಸ.

ಉಳಿದ ಪೆಲೆಟ್ (ತಳ ಸೇರಿದ ಕೋಶಗಳ ಉಂಡೆ) ಎಸೆಯಬೇಡಿ, 19ಕ್ಯೂ12ರ ಸೈಕ್ಲಿನ್ ಇ1 ಜೀನನ್ನು ಹೊಳೆಯುವ ಪ್ರೋಬಿನಿಂದ ನೋಡುವ ಫಿಶ್‌ಗೆ ಬೇಕಾಗುತ್ತದೆ. ಪ್ರೋಬ್ ದುಬಾರಿ, ಹತ್ತರ ಬದಲು ಮೂರು ಮೈಕ್ರೋಲೀಟರ್, 12 ಮಿ.ಮೀ. ಗುಂಡು ಕವರ್‌ಸ್ಲಿಪ್. ಅಂಚಿಗೆ ಸೈಕಲ್ ಅಂಗಡಿಯ ಪಂಕ್ಚರ್ ಸೊಲ್ಯೂಷನ್ ಸಾಕು, ಕಂಪನಿಯ ರಬ್ಬರ್ ಸಿಮೆಂಟ್ ಬೇಕಂತಿಲ್ಲ.