ಹಳೇ ರೆಸ್ಲಿಂಗ್ ಟೇಪು, ಡಿವಿಡಿ: ಕೊಳ್ಳೋ ಮುಂಚೆ ಏನ್ ನೋಡ್ಬೇಕು, ಕೊಂಡ್ಮೇಲೆ ಹೇಗೆ ಉಳಿಸ್ಕೋಬೇಕು

ಎಲ್ಲಾ ಈಗ ಸ್ಟ್ರೀಮಿಂಗಲ್ಲೇ ಸಿಗತ್ತಲ್ಲ, ಹಳೇ ಕ್ಯಾಸೆಟ್ ಯಾಕೆ ಅಂತ ಕೇಳೋರು ತುಂಬಾ ಜನ ಇದ್ದಾರೆ. ಆದ್ರೆ ಟಿವಿಯಲ್ಲಿ ಅವತ್ತು ಬಂದ ಶೋ, ಆಮೇಲೆ ಬಂದ ವಿಎಚ್‌ಎಸ್ ಟೇಪು, ಅದಾದ್ಮೇಲೆ ಬಂದ ಡಿವಿಡಿ, ಈಗಿನ ಸ್ಟ್ರೀಮಿಂಗ್, ಈ ನಾಲ್ಕೂ ಎಷ್ಟೋ ಸಲ ಒಂದೇ ಆಗಿರಲ್ಲ. ಮ್ಯಾಚು ಅದೇ, ಆದ್ರೆ ಹಾಡು ಬೇರೆ, ಕಾಮೆಂಟರಿ ಬೇರೆ, ಕೆಲವೊಂದು ಕಡೆ ದೃಶ್ಯಾನೇ ಮಾಯ. ಅದಕ್ಕೇ ಯಾವ ಆವೃತ್ತಿ ಅಂತ ಗುರುತಿಸೋದನ್ನ ಮೊದ್ಲು ಕಲೀಬೇಕು.

ಮೊದಲ ಹೆಜ್ಜೆ: ಯಾರು, ಯಾವಾಗ ತಂದಿದ್ದು ಅಂತ ನೋಡಿ

ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ, ಅಮೆರಿಕದ ರೆಸ್ಲಿಂಗ್ ಕಂಪನಿ) ಟೇಪುಗಳನ್ನ ಅಮೆರಿಕದಲ್ಲಿ 1985ರಿಂದ 1997ರವರೆಗೆ ತಂದಿದ್ದು ಕೊಲಿಸಿಯಮ್ ವಿಡಿಯೋ, ದಪ್ಪ ಪ್ಲಾಸ್ಟಿಕ್ ಡಬ್ಬಿ ನೋಡಿದ್ರೆ ಗೊತ್ತಾಗತ್ತೆ. ಇವುಗಳ ದೊಡ್ಡ ಬೆಲೆ ಇರೋದು ಟಿವಿಯಲ್ಲಿ ಬರದೇ ಇದ್ದ ಮ್ಯಾಚುಗಳಲ್ಲಿ. 1992 ಜುಲೈ 21ಕ್ಕೆ ಮೈನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಬ್ರೆಟ್ ಹಾರ್ಟ್, ಶಾನ್ ಮೈಕಲ್ಸ್ ಲ್ಯಾಡರ್ ಮ್ಯಾಚ್ (ಮೇಲೆ ತೂಗಿಸಿದ ಬೆಲ್ಟನ್ನ ಏಣಿ ಹತ್ತಿ ತೆಗೆಯೋ ಮ್ಯಾಚ್) ಆಡಿದ್ರು, ಡಬ್ಲ್ಯುಡಬ್ಲ್ಯುಎಫ್‌ನ ಮೊದಲ ಲ್ಯಾಡರ್ ಮ್ಯಾಚ್ ಅದು, ಜನಕ್ಕೆ ಸಿಕ್ಕಿದ್ದು ಟೇಪಿನ ಮೂಲಕ. 1994ರ ರೆಸಲ್‌ಮೇನಿಯಾದಲ್ಲಿ (ಕಂಪನಿಯ ವರ್ಷದ ದೊಡ್ಡ ಶೋ) ಮೈಕಲ್ಸ್, ರೇಜರ್ ರಮೋನ್ ಆಡಿದ್ದೇ ಮೊದಲನೇದು ಅಂತ ಇವತ್ತಿಗೂ ನಂಬಿರೋರು ಇದ್ದಾರೆ, ಯಾಕಂದ್ರೆ ಆ ಟೇಪ್ ಅವರ ಕೈಗೆ ಬಂದೇ ಇಲ್ಲ. ಹಾಗಾಗಿ ಡಬ್ಬಿ ಹಿಂದೆ ಇರೋ ಮ್ಯಾಚ್ ಪಟ್ಟಿ ಒಂದೊಂದಾಗಿ ಓದಿ, ಹೆಸರು ನೋಡಿ ಬಿಟ್ಬಿಡಬೇಡಿ.

ಎರಡನೇ ಹೆಜ್ಜೆ: ಏನ್ ಕತ್ತರಿಸಿದಾರೆ ಅಂತ ಹುಡುಕಿ

ಇದಕ್ಕೆ ಟೈಮ್ ಬೇಕು, ಆದ್ರೆ ನಿಜವಾದ ವಿಷಯ ಇರೋದೇ ಇಲ್ಲಿ. ಮೂರು ಗುರುತು ನೋಡಿ.

ಲೋಗೋ: ಅದೇ ಡಬ್ಲ್ಯುಡಬ್ಲ್ಯುಎಫ್ ಹೆಸರಿನ ವನ್ಯಜೀವಿ ಸಂಸ್ಥೆ ಜೊತೆ ಕೋರ್ಟಲ್ಲಿ ಸೋತ್ಮೇಲೆ 2002ರ ಮೇನಲ್ಲಿ ಕಂಪನಿ ಹೆಸರು ಡಬ್ಲ್ಯುಡಬ್ಲ್ಯುಇ ಆಯ್ತು, ಅಲ್ಲಿಂದ ಹೆಚ್ಚೂಕಮ್ಮಿ ಹತ್ತು ವರ್ಷ ಬಂದ ಡಿವಿಡಿಗಳಲ್ಲಿ 1998ರ ನಂತರದ ಆ ಗೀಚಿದಂಥ ಲೋಗೋ ಎಲ್ಲೆಲ್ಲಿ ಕಾಣತ್ತೋ ಅಲ್ಲೆಲ್ಲ ಮಸುಕು ಮಾಡಿದಾರೆ, ಕಾಮೆಂಟರಿಯಲ್ಲಿ 'ಎಫ್' ಅಕ್ಷರಾನೂ ನುಂಗಿದಾರೆ. ಸ್ಟೋನ್ ಕೋಲ್ಡ್, ರಾಕ್ ಅನ್ನೋ ರೆಸ್ಲರ್‌ಗಳ ಕಾಲದ ಶೋ ಇಷ್ಟಪಡೋರಿಗೆ ಇದು ಕಣ್ಣಿಗೆ ಚುಚ್ಚತ್ತೆ, ರಿಂಗು, ಟೀಶರ್ಟು, ಜನ ಹಿಡಿದ ಬೋರ್ಡು ಎಲ್ಲದರ ಮೇಲೂ ಮೋಡ. 2012ರಲ್ಲಿ ಎರಡೂ ಕಡೆಯವರು ಒಪ್ಪಂದಕ್ಕೆ ಬಂದ್ಮೇಲೆ ಆ ಕಾಟ ನಿಂತಿದೆ. ಮಸುಕಿಲ್ಲದ್ದು ಬೇಕಂದ್ರೆ ಒಂದೋ ಅವತ್ತಿನ ವಿಎಚ್‌ಎಸ್, ಇಲ್ಲಾ ಬ್ರಿಟನ್‌ನಲ್ಲಿ ಸಿಲ್ವರ್ ವಿಷನ್ ತಂದ 'ಟ್ಯಾಗ್ಡ್ ಕ್ಲಾಸಿಕ್ಸ್' ಡಿವಿಡಿ ಹುಡುಕಿ, ಒಂದು ಸೆಟ್ಟಲ್ಲಿ ಎರಡು ಹಳೇ ಶೋ. ಚಿತ್ರ ವಿಎಚ್‌ಎಸ್ ಥರಾನೇ ಇರತ್ತೆ, ಆದ್ರೆ ಅವತ್ತಿನ ಶೋ ಅವತ್ತಿನ ಹಾಗೇ ಸಿಗತ್ತೆ, ನನಗಂತೂ ಚಿತ್ರ ಚೂಪಾಗಿರೋದಕ್ಕಿಂತ ಅದೇ ಮುಖ್ಯ.

ಹಾಡು: ಇಸಿಡಬ್ಲ್ಯು ಅನ್ನೋ ಇನ್ನೊಂದು ರೆಸ್ಲಿಂಗ್ ಕಂಪನಿಯ ಟಿವಿ ಶೋಗಳಲ್ಲಿ ಮಾರ್ಕೆಟ್ಟಲ್ಲಿದ್ದ ರಾಕ್ ಹಾಡುಗಳನ್ನೇ ಹಾಕ್ತಿದ್ರು. ಅಲ್ಲಿನ ರೆಸ್ಲರ್ ಸ್ಯಾಂಡ್‌ಮ್ಯಾನ್ ಮೆಟಾಲಿಕಾ ಬ್ಯಾಂಡಿನ ಹಾಡಿಗೆ ಜನರ ಮಧ್ಯೆ ನಡ್ಕೊಂಡ್ ಬರ್ತಿದ್ದ, ಇಡೀ ಹಾಲ್ ಜೊತೆಗೆ ಹಾಡ್ತಿತ್ತು. ಡಬ್ಲ್ಯುಡಬ್ಲ್ಯುಇ ತಂದ ಡಿವಿಡಿಯಲ್ಲಿ ಹಕ್ಕಿನ ತೊಂದರೆಯಿಂದ ಆ ಹಾಡಿನ ಜಾಗಕ್ಕೆ ಬೇರೆ ಹಾಕಿದಾರೆ, ಜನ ಬಾಯಿ ಆಡಿಸ್ತಿರೋದು ಒಂದು, ನಮಗೆ ಕೇಳೋದು ಇನ್ನೊಂದು. ಆ ಪ್ರವೇಶದ ಅರ್ಧ ಜೀವ ಅಲ್ಲೇ ಹೋಯ್ತು.

ಕಾಮೆಂಟರಿ: ಡಬ್ಲ್ಯುಡಬ್ಲ್ಯುಎಫ್ ಕಾಮೆಂಟೇಟರ್ ಜೆಸ್ಸಿ ವೆಂಚುರಾ, ಕಂಪನಿ ತನ್ನ ದನಿ ಇರೋ ವಿಡಿಯೋಟೇಪುಗಳಿಗೆ ರಾಯಲ್ಟಿ ಕೊಟ್ಟಿಲ್ಲ ಅಂತ ಕೇಸ್ ಹಾಕಿ 8 ಲಕ್ಷ ಡಾಲರ್‌ಗೂ ಹೆಚ್ಚು ಗೆದ್ದ, 1995ರಲ್ಲಿ ಮೇಲಿನ ಕೋರ್ಟೂ ಅದನ್ನ ಎತ್ತಿಹಿಡೀತು. ಅದಾದ್ಮೇಲಿನ ಕೆಲವು ಬಿಡುಗಡೆಗಳಲ್ಲಿ ಅವನ ದನಿ ತೆಗೆದು ಬೇರೆಯವರ ದನಿ ಸೇರಿಸಿದಾರೆ. ಇನ್ನೊಬ್ಬ ಕಾಮೆಂಟೇಟರ್ ಗೊರಿಲ್ಲಾ ಮಾನ್ಸೂನ್ ಜೊತೆ ಅವನ ಜಗಳ ಕೇಳೋಕೆ ಅಂತಾನೇ ಶೋ ನೋಡೋರು ಮೊದಲ ಕೊಲಿಸಿಯಮ್ ಟೇಪ್ ಬಿಡಬಾರದು.

ಮೂರನೇ ಹೆಜ್ಜೆ: ನಿಮ್ಮ ಮಿಷಿನ್ನಲ್ಲಿ ಓಡತ್ತಾ

ಡಿವಿಡಿ ಯಾವ ಕಡೆಯ ಪ್ಲೇಯರಲ್ಲಿ ಓಡತ್ತೆ ಅನ್ನೋಕೆ ರೀಜನ್ ನಂಬರ್ ಇರತ್ತೆ: ಅಮೆರಿಕ 1, ಬ್ರಿಟನ್ ಮತ್ತು ಜಪಾನ್ 2, ಭಾರತ 5. ಟಿವಿ ಸಿಗ್ನಲ್ ಪದ್ಧತಿ ಅಮೆರಿಕದ್ದು ಎನ್‌ಟಿಎಸ್‌ಸಿ, ಬ್ರಿಟನ್ದು ನಮ್ಮ ಥರ ಪಾಲ್. ಪ್ಲೇಯರ್ ಎಲ್ಲಾ ರೀಜನ್ ಓದತ್ತಾ ಅಂತ ಮೊದ್ಲೇ ತಿಳ್ಕೊಳ್ಳಿ, ವಿಸಿಆರ್ ಆದ್ರೆ ಎನ್‌ಟಿಎಸ್‌ಸಿ ಪ್ಲೇಬ್ಯಾಕ್ ಇದ್ಯಾ ನೋಡಿ. ಹಾಗೇ ಡಿಸ್ಕಿನ ತಳ ಬೆಳ್ಳಿ ಅಥವಾ ಚಿನ್ನದ ಬಣ್ಣ ಇರ್ಬೇಕು, ನೀಲಿ ಅಥವಾ ನೇರಳೆ ಇದ್ರೆ ಅದು ಕಂಪ್ಯೂಟರಲ್ಲಿ ಬರೆದ ನಕಲು.

ನಾಲ್ಕನೇ ಹೆಜ್ಜೆ: ಬೂಷ್ಟು

ಮಂಗಳೂರು, ಉಡುಪಿ, ಮಲೆನಾಡು ಕಡೆಯವರು ಇದನ್ನ ಗಮನ ಕೊಟ್ಟು ಓದಿ. ಕ್ಯಾಸೆಟ್ಟಿನ ಕಿಟಕಿಗೆ ಟಾರ್ಚ್ ಹಿಡಿದು ರೀಲಿನ ಅಂಚು ನೋಡಿ, ಬಿಳೀ ಪುಡಿ ಅಥವಾ ನೂಲಿನಂಥದ್ದು ಕಂಡ್ರೆ ಯಾವ ಕಾರಣಕ್ಕೂ ವಿಸಿಆರ್‌ಗೆ ಹಾಕ್ಬೇಡಿ, ಹೆಡ್ಡಿಗೆ ಅಂಟಿ ಅಲ್ಲಿಂದ ಮುಂದಿನ ಟೇಪಿಗೂ ಹರಡತ್ತೆ. ಅದನ್ನ ಬೇರೆ ಚೀಲದಲ್ಲಿಟ್ಟು ಟೇಪ್ ಕ್ಲೀನ್ ಮಾಡೋರ ಹತ್ರ ಕೊಡಿ. ಚೆನ್ನಾಗಿರೋದನ್ನ ಒಂದ್ಸಲ ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ನೋಡಿ. ಪುಸ್ತಕದ ಥರ ನಿಲ್ಲಿಸಿಡಿ, ಪಕ್ಕದಲ್ಲಿ ಸಿಲಿಕಾ ಜೆಲ್ ಇರಲಿ, ಸ್ಪೀಕರ್ ಹತ್ರ ಬೇಡ.

ಐದನೇ ಹೆಜ್ಜೆ: ಮನೇಲಿ ರೆಕಾರ್ಡ್ ಮಾಡಿದ್ದು

ಅಂಗಡಿಯಲ್ಲಿ ಕೊಂಡ ಟೇಪಿಗೆ ಕಾಪಿ ತಡೆ ಇರತ್ತೆ, ಅದನ್ನ ಹಾಗೇ ಜೋಪಾನ ಮಾಡಿ. ಆದ್ರೆ ಟಿವಿಯಿಂದ ಮನೇಲೇ ರೆಕಾರ್ಡ್ ಮಾಡಿದ ಟೇಪ್ ಇದ್ರೆ ಅದನ್ನ ಮೊದ್ಲು ಡಿಜಿಟಲ್ ಮಾಡ್ಬೇಕು, ಯಾಕಂದ್ರೆ ಆ ಶೋ ಆ ರೂಪದಲ್ಲಿ, ನಮ್ಮ ಕಡೆಯ ಜಾಹೀರಾತು ಸಮೇತ, ಇನ್ನೆಲ್ಲೂ ಇಲ್ದೇ ಇರಬಹುದು. ಮೊದ್ಲು ಕ್ಯಾಸೆಟ್ಟಿನ ಬೆನ್ನಲ್ಲಿರೋ ಚಿಕ್ಕ ಪ್ಲಾಸ್ಟಿಕ್ ತುಂಡು ಮುರೀರಿ, ಮತ್ತೆ ಯಾರೂ ಅದ್ರ ಮೇಲೆ ರೆಕಾರ್ಡ್ ಮಾಡೋಕಾಗಲ್ಲ. ವಿಸಿಆರ್‌ನಲ್ಲಿ ಎಸ್-ವಿಡಿಯೋ ಕನೆಕ್ಷನ್ ಇದ್ರೆ ಅದನ್ನೇ ಕಂಪ್ಯೂಟರಿನ ಕ್ಯಾಪ್ಚರ್ ಕಾರ್ಡಿಗೆ ಕೊಡಿ, ಚಿತ್ರ ಅಲುಗಾಡ್ತಿದ್ರೆ ಟೈಮ್ ಬೇಸ್ ಕರೆಕ್ಟರ್ (ಆ ಅಲುಗಾಟ ಸರಿಮಾಡೋ ಸರ್ಕ್ಯೂಟ್) ಇರೋ ವಿಸಿಆರ್ ಹುಡುಕಿ. ಪಾಲ್ ಆದ್ರೆ 720×576ರಲ್ಲಿ, ಇಂಟರ್‌ಲೇಸ್ಡ್ ಆಗೇ (ಒಂದು ಫ್ರೇಮ್ ಎರಡು ಅರ್ಧ ಚಿತ್ರವಾಗಿ), ಲಾಸ್‌ಲೆಸ್ ಆಗಿ (ಏನೂ ಕಳೀದೆ) ಸೇವ್ ಮಾಡಿ, ಗಂಟೆಗೆ ಹತ್ತಾರು ಜಿಬಿ ಆಗತ್ತೆ, ಆಗ್ಲಿ. ನೋಡೋಕೆ ಅಂತ ಮಾಡೋ ಚಿಕ್ಕ ಕಾಪಿಯಲ್ಲಿ ಡಿಇಂಟರ್‌ಲೇಸ್ ಮಾಡುವಾಗ (ಆ ಅರ್ಧ ಚಿತ್ರಗಳನ್ನ ಪೂರ್ತಿ ಫ್ರೇಮ್ ಮಾಡುವಾಗ) ಸೆಕೆಂಡಿಗೆ 25 ಫ್ರೇಮ್‌ಗೆ ಇಳಿಸ್ಬೇಡಿ, 50 ಇಡಿ. ಹಾರೋದು, ಬೀಳೋದು, ಹಗ್ಗದಿಂದ ಚಿಮ್ಮೋದು ಎಲ್ಲಾ ಅವತ್ತು ಟಿವಿಯಲ್ಲಿ ಕಂಡಷ್ಟೇ ನುಣುಪಾಗಿ ಕಾಣತ್ತೆ, 25ಕ್ಕೆ ಇಳಿಸಿದ್ರೆ ಅದೇ ಮ್ಯಾಚು ಕುಂಟತ್ತೆ. ಇದು ನಿಮಗಾಗಿ ಮಾತ್ರ, ಮಾರೋದು ಅಪ್‌ಲೋಡ್ ಮಾಡೋದು ಬೇಡ.

ಕೊನೇದು, ಫೈಲಿಗೆ ಹೆಸರಿಡೋದು

ತಾರೀಕು ಬರೀವಾಗ ಶೂಟ್ ಆದ ದಿನ, ಟಿವಿಯಲ್ಲಿ ಬಂದ ದಿನ ಎರಡೂ ಬರೀರಿ, ಯಾಕಂದ್ರೆ ತುಂಬಾ ಶೋಗಳು ಮೊದ್ಲೇ ಶೂಟ್ ಆಗಿರ್ತಿದ್ವು. ಮ್ಯಾನ್‌ಕೈಂಡ್ ಅನ್ನೋ ರೆಸ್ಲರ್ ರಾಕ್‌ನ ಸೋಲಿಸಿ ಚಾಂಪಿಯನ್ ಆದ 'ರಾ' (ಡಬ್ಲ್ಯುಡಬ್ಲ್ಯುಎಫ್‌ನ ವಾರದ ಶೋ) ಟಿವಿಯಲ್ಲಿ ಬಂದಿದ್ದು 1999 ಜನವರಿ 4ಕ್ಕೆ, ಶೂಟ್ ಆಗಿದ್ದು 1998 ಡಿಸೆಂಬರ್ 29ಕ್ಕೆ, ಅಮೆರಿಕದ ವೂಸ್ಟರ್‌ನಲ್ಲಿ. ನಡುವಿನ ಆ ಆರು ದಿನ ಇದ್ದಿದ್ದರಿಂದಾನೇ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯು ಅದೇ ಹೊತ್ತಿಗೆ ಬರ್ತಿದ್ದ ತನ್ನ ನೈಟ್ರೋ ಶೋನಲ್ಲಿ ಫಲಿತಾಂಶ ಮೊದ್ಲೇ ಹೇಳಿಬಿಡ್ತು, ಹೇಳಿದ್ಮೇಲೆ ಜನ ಚಾನೆಲ್ ಬದಲಾಯಿಸಿ ರಾ ನೋಡಿದ್ರು. ಒಂದೇ ತಾರೀಕು ಬರೆದಿಟ್ರೆ ಈ ಕಥೆ ಅರ್ಥ ಆಗಲ್ಲ. ಜೊತೆಗೆ ಚಾನೆಲ್, ಬಿಡುಗಡೆ ಮಾಡಿದ ಕಂಪನಿ, ಪಾಲೋ ಎನ್‌ಟಿಎಸ್‌ಸಿಯೋ, ಹಾಡು ಬದಲಾಗಿದ್ಯಾ, ಲೋಗೋ ಮಸುಕಾಗಿದ್ಯಾ, ಇಷ್ಟನ್ನೂ ಸೇರಿಸಿ, ಹಾರ್ಡ್‌ಡಿಸ್ಕ್ ಎರಡು ಇಟ್ಕೊಂಡು ಒಂದನ್ನ ಬೇರೆ ಮನೇಲಿಡಿ.