ಬೀದಿಗೆ ಬಿದ್ದ ಹಿರಿಯರಿಗೆ ತಿಂಗಳ ಕಾಸು: ಎಲ್ಲಿಂದ ಶುರು ಮಾಡುವುದು?

ನಮ್ಮ ಚಿಕ್ಕಜ್ಜಿ ಒಂದು ದೇವಸ್ಥಾನದ ಜಗಲಿ ಮೇಲೆ ಮಲಗುತ್ತಿದ್ದಾರೆ ಅಂತ ಗೊತ್ತಾದಾಗ ಮನೆಯವರೆಲ್ಲ ಮಾಡಿದ ಮೊದಲ ಕೆಲಸ ದುಡ್ಡು ಒಟ್ಟು ಮಾಡಿದ್ದು. ಒಬ್ಬರು 500, ಇನ್ನೊಬ್ಬರು 1,000. ಎರಡು ತಿಂಗಳಲ್ಲಿ ಎಲ್ಲರ ಉತ್ಸಾಹ ಇಳಿಯಿತು, ಚಿಕ್ಕಜ್ಜಿ ಮತ್ತೆ ಅದೇ ಜಗಲಿಗೆ ಹೋದರು. ಆಮೇಲೆ ಕಚೇರಿ ಕಚೇರಿ ಅಲೆದೆವು. ಮೊದಲು ಮಾಡಬೇಕಾದ್ದನ್ನು ಕೊನೆಗೆ, ಕೊನೆಯದನ್ನು ಮೊದಲು ಮಾಡಿ ಒಂದೇ ಕಚೇರಿಗೆ ನಾಲ್ಕು ನಾಲ್ಕು ಸಲ ಹೋದೆವು. ನಿಮಗೆ ಆ ಅಲೆದಾಟ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ಇದು ಕರ್ನಾಟಕದ ಲೆಕ್ಕ. ಬೇರೆ ರಾಜ್ಯದಲ್ಲಿ ಪಿಂಚಣಿಯ ಹೆಸರು, ಮೊತ್ತ ಬೇರೆ.

ಮೊದಲ ದಿನ ಅರ್ಜಿ ಬೇಡ

ಮಲಗೋಕೆ ಜಾಗ ಇಲ್ಲದವರ ಹತ್ತಿರ ಆಧಾರ್ ಕೇಳಿದರೆ ಅವರು ಎದ್ದು ಹೋಗುತ್ತಾರೆ, ಅಷ್ಟೇ. ಮೊದಲು ಸೂರು. ನಿಮ್ಮ ಮನೆಯಲ್ಲಿ ಸಾಧ್ಯವಾದರೆ ಸರಿ. ಇಲ್ಲದಿದ್ದರೆ ನಗರಪಾಲಿಕೆ, ನಗರಸಭೆಗಳ ರಾತ್ರಿ ವಸತಿ ಕೇಂದ್ರಗಳಿವೆ. ಯಾವುದು ಎಲ್ಲಿದೆ, ಹತ್ತಿರದಲ್ಲಿ ವೃದ್ಧಾಶ್ರಮ ಇದೆಯಾ ಅಂತ ಕೇಳಲು 14567ಕ್ಕೆ ಫೋನ್ ಮಾಡಿ. ಇದು ಹಿರಿಯರಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ. ಹಿರಿಯರೇ ಮಾಡಬೇಕು ಅಂತಿಲ್ಲ, ನೀವೂ ಮಾಡಬಹುದು.

ಹಳೇ ಕತೆ ಕೇಳಿ, ಅದರಲ್ಲೇ ದುಡ್ಡಿರುತ್ತದೆ

ಎಲ್ಲರೂ ಬಿಡುವ ಹಂತ ಇದೇ. ಸೀದಾ ಪಿಂಚಣಿ ಅರ್ಜಿಗೆ ಓಡುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮೊದಲು ಎರಡು ಮೂರು ಮಧ್ಯಾಹ್ನ ಸುಮ್ನೆ ಪಕ್ಕದಲ್ಲಿ ಕೂತು ಮಾತಾಡಬೇಕು. ಎಲ್ಲೆಲ್ಲಿ ಕೆಲಸ ಮಾಡಿದರು, ಗಂಡ ಅಥವಾ ಹೆಂಡತಿ ಎಲ್ಲಿ ದುಡಿಯುತ್ತಿದ್ದರು, ಯಾವ ಬ್ಯಾಂಕಿನಲ್ಲಿ ಪಾಸ್‌ಬುಕ್ ಇತ್ತು, ಅಪ್ಪನ ಜಮೀನು ಯಾರ ಹೆಸರಲ್ಲಿದೆ, ಮನೆಯನ್ನು ಯಾರಿಗೆ ಬರೆದುಕೊಟ್ಟರು, ಹೀಗೆ. ಪ್ರಶ್ನೆಪತ್ರಿಕೆ ತರಹ ಕೇಳಬೇಡಿ. ಚಿಕ್ಕಜ್ಜಿಯ ಗಂಡ ಒಂದು ಗಿರಣಿಯಲ್ಲಿ ವರ್ಷಗಟ್ಟಲೆ ದುಡಿದಿದ್ದರು ಅನ್ನೋದು ನಮಗೆ ಗೊತ್ತಾಗಿದ್ದು ಅವರು ಯಾವುದೋ ಮದುವೆಯ ಸುದ್ದಿ ಹೇಳುವಾಗ!

ಗಿರಣಿ ಯಾಕೆ ಮುಖ್ಯ ಅಂದರೆ, ಭವಿಷ್ಯನಿಧಿ (ಪಿಎಫ್) ಕಟ್ಟುವ ಕಾರ್ಖಾನೆಯಲ್ಲಿ 10 ವರ್ಷ ಕೆಲಸ ಮಾಡಿದವರಿಗೆ 58 ವರ್ಷದ ನಂತರ ಇಪಿಎಸ್-95, ಅಂದರೆ ನೌಕರರ ಪಿಂಚಣಿ ಯೋಜನೆಯ ಪಿಂಚಣಿ ಇದೆ. 2014ರಿಂದ ಇದರ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಪಿಂಚಣಿದಾರ ತೀರಿಕೊಂಡರೆ ಹೆಂಡತಿಗೆ ಬರುತ್ತದೆ. ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರೆ 10 ವರ್ಷ ಆಗಿರಬೇಕು ಅನ್ನೋ ಷರತ್ತೂ ಇಲ್ಲ. ಎಷ್ಟೋ ಹೆಂಗಸರಿಗೆ ಇದು ಗೊತ್ತೇ ಇರುವುದಿಲ್ಲ. ಹಳೇ ಪಿಎಫ್ ನಂಬರ್, ಇಲ್ಲದಿದ್ದರೆ ಕಾರ್ಖಾನೆಯ ಹೆಸರು ಮತ್ತು ಕೆಲಸ ಮಾಡಿದ ವರ್ಷ ಹಿಡಿದು ಭವಿಷ್ಯನಿಧಿ ಕಚೇರಿಗೆ ಹೋಗಿ, ಈ ಪಿಂಚಣಿಯ ಅರ್ಜಿಯಾದ ಫಾರಂ 10-ಡಿ ಕೇಳಿ.

ಮರೆತ ಬ್ಯಾಂಕ್ ಖಾತೆಯೂ ಹಾಗೇ. 10 ವರ್ಷ ಯಾರೂ ಮುಟ್ಟದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೆ ಮುಳುಗುವುದಿಲ್ಲ. ಖಾತೆದಾರರು ಅಥವಾ ವಾರಸುದಾರರು ಯಾವಾಗ ಬೇಕಾದರೂ ಕೇಳಬಹುದು. ರಿಸರ್ವ್ ಬ್ಯಾಂಕಿನ 'ಉದ್ಗಮ್' ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿ. ಲಕ್ಷ ಸಿಗುತ್ತದೆ ಅಂತಲ್ಲ. ಆದರೆ ಕೈ ಖಾಲಿ ಇರುವವರಿಗೆ 8,000 ಕೂಡ ದೊಡ್ಡದು, ಅಲ್ವಾ?

ಕಾಗದ ಪತ್ರ

ಆಧಾರ್ ಕಳೆದಿದ್ದರೆ ಹೊಸದಾಗಿ ಮಾಡಿಸೋಕೆ ಹೋಗಬೇಡಿ, ಒಬ್ಬರಿಗೆ ಒಂದೇ ನಂಬರ್. ಆಧಾರ್ ಕೇಂದ್ರಕ್ಕೆ ಅವರನ್ನೇ ಕರೆದುಕೊಂಡು ಹೋದರೆ ಬೆರಳಚ್ಚು ಅಥವಾ ಕಣ್ಣಿನ ಗುರುತಿನಿಂದ ಹಳೇ ನಂಬರ್ ಹುಡುಕಿ ಪ್ರಿಂಟ್ ಕೊಡುತ್ತಾರೆ. ಜೀವನವಿಡೀ ಕೂಲಿ ಮಾಡಿದವರ ಬೆರಳು ಸವೆದು ಹೋಗಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಆಗ ಕಣ್ಣಿನದನ್ನೇ ತೆಗೆಯಿರಿ ಅಂತ ನೀವೇ ಹೇಳಬೇಕು. ಗೊಂದಲ ಇದ್ದರೆ 1947ಕ್ಕೆ ಫೋನ್ ಮಾಡಿ.

ವಿಳಾಸ ಇಲ್ಲ ಅನ್ನೋದು ದೊಡ್ಡ ತಲೆನೋವು. ಹತ್ತಿರದ ಬಂಧು ಮನೆಯ ಮುಖ್ಯಸ್ಥರಾಗಿ ಒಪ್ಪಿಗೆ ಕೊಟ್ಟರೆ ಅವರ ವಿಳಾಸವನ್ನೇ ಆಧಾರ್‌ಗೆ ಸೇರಿಸಬಹುದು. ಆಶ್ರಮದಲ್ಲಿದ್ದರೆ ಅಲ್ಲಿನ ಮುಖ್ಯಸ್ಥರು ಆಧಾರ್‌ನ ನಿಗದಿತ ನಮೂನೆಯಲ್ಲಿ ಪತ್ರ ಕೊಡುತ್ತಾರೆ. ಆಧಾರ್‌ಗೆ ಜೋಡಿಸಿರುವ ಫೋನ್ ನಂಬರ್ ವಿಷಯ ಮರೆಯಬೇಡಿ. ಮನೆಯಿಂದ ಹೊರಗೆ ಹಾಕಿದ ಮಗನ ನಂಬರ್ ಇನ್ನೂ ಅಲ್ಲೇ ಇದ್ದರೆ ಒಟಿಪಿ ಎಲ್ಲ ಅವನಿಗೆ ಹೋಗುತ್ತದೆ!

ಮುಂದೆ ಬ್ಯಾಂಕ್. ಜನಧನ್ ಖಾತೆಗೆ ಕನಿಷ್ಠ ಹಣ ಇಡಬೇಕಿಲ್ಲ. ಖಾತೆ ತೆರೆದರೆ ಸಾಲದು, ಸರ್ಕಾರದ ಹಣ ಈ ಖಾತೆಗೇ ಬರುವಂತೆ ಆಧಾರ್ ಜೋಡಣೆ ಆಗಬೇಕು. 'ಎನ್‌ಪಿಸಿಐ ಸೀಡಿಂಗ್ ಮಾಡಿ' ಅಂತ ಇದೇ ಮಾತಲ್ಲಿ ಕೇಳಿ. ಕೊನೆಯದಾಗಿ ಯಾವ ಖಾತೆಗೆ ಜೋಡಣೆ ಆಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ನಮ್ಮ ಚಿಕ್ಕಜ್ಜಿಯ ಮೊದಲ ಹಣ ಯಾವುದೋ ಹಳೇ ಖಾತೆಗೆ ಹೋಗಿ ಕೂತಿತ್ತು, ನಾವು ಇತ್ತ ಕಚೇರಿಯವರ ಮೇಲೆ ಕೂಗಾಡುತ್ತಿದ್ದೆವು.

ಈಗ ಪಿಂಚಣಿ

ಹೋಬಳಿಯ ನಾಡಕಚೇರಿಗೆ ಹೋಗಿ. 65 ದಾಟಿದ್ದರೆ ಸಂಧ್ಯಾ ಸುರಕ್ಷಾ, ತಿಂಗಳಿಗೆ 1,200 ರೂಪಾಯಿ. 60 ದಾಟಿ 65 ತುಂಬದಿದ್ದರೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ, ಅದು ಇನ್ನೂ ಕಡಿಮೆ. ಹೌದು, ಇದರಲ್ಲಿ ಬದುಕೋಕೆ ಆಗಲ್ಲ. ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡುವ ಪಾಲು 80 ವರ್ಷದೊಳಗಿನವರಿಗೆ 200 ರೂಪಾಯಿ, ಸುಮಾರು ಎರಡು ದಶಕಗಳಿಂದ ಅಷ್ಟೇ ಇದೆ. ಆದರೂ ಬಿಡಬೇಡಿ, ಪ್ರತಿ ತಿಂಗಳು ಬರುವ ಹಣ ಅದು.

ಆದಾಯ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಪಾಸ್‌ಬುಕ್ ಇರಲಿ. ಅರ್ಜಿ ಕೊಟ್ಟ ಮೇಲೆ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಇಲ್ಲದೆ ಹೊರಗೆ ಬರಬೇಡಿ. ಸರ್ಕಾರಿ ಸೇವೆಯನ್ನು ನಿಗದಿತ ದಿನದೊಳಗೆ ಕೊಡಬೇಕು ಅನ್ನೋ 2011ರ ಸಕಾಲ ಕಾಯ್ದೆಯಲ್ಲಿ ತಡವಾದರೆ ಮೇಲ್ಮನವಿ ಇದೆ, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಆ ಪರಿಹಾರಕ್ಕಿಂತ ಆ ಸಂಖ್ಯೆ ಹೇಳಿದಾಗ ಕೌಂಟರಿನಲ್ಲಿ ಬದಲಾಗುವ ದನಿಯೇ ಜಾಸ್ತಿ ಉಪಯೋಗ. ಇನ್ನೊಂದು ಮಾತು: ಬೇರೆ ಪಿಂಚಣಿ ಬರುತ್ತಿದ್ದರೆ ಸಂಧ್ಯಾ ಸುರಕ್ಷಾ ಸಿಗುವುದಿಲ್ಲ. ಹಾಗಾಗಿ ಇಪಿಎಸ್ ಎಷ್ಟು ಬರುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ.

ರೇಷನ್ ಕಾರ್ಡ್ ಕೂಡ ನೋಡಿ. ತೀರಾ ಬಡವರ ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕೆಜಿ ಧಾನ್ಯ. ಹಿರಿಯರ ಹೆಸರು ಇನ್ನೂ ಮಗನ ಕಾರ್ಡಿನಲ್ಲಿದ್ದರೆ ಮೊದಲು ಅದನ್ನು ತೆಗೆಸಬೇಕು, ಇಲ್ಲದಿದ್ದರೆ ಹೊಸ ಕಾರ್ಡ್ ಆಗುವುದಿಲ್ಲ. ಹೆಂಗಸಾಗಿದ್ದು ಕಾರ್ಡಿನಲ್ಲಿ ಅವರೇ ಯಜಮಾನಿ ಅಂತಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿಗೂ ಅರ್ಜಿ ಹಾಕಿ. ಪಿಂಚಣಿಗಿಂತ ಇದೇ ಜಾಸ್ತಿ ನೋಡಿ.

ಮಕ್ಕಳಿದ್ದಾರೆ, ನೋಡಿಕೊಳ್ಳುತ್ತಿಲ್ಲ

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇರುವುದೇ ಇದಕ್ಕೆ. ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಕಚೇರಿಯಲ್ಲಿ ನ್ಯಾಯಮಂಡಳಿ ಇದೆ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಟ್ಟರೂ ನಡೆಯುತ್ತದೆ, ವಕೀಲರು ಬೇಕೇ ಬೇಕು ಅಂತಿಲ್ಲ. ಹಿರಿಯರಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿ ಕಳಿಸಿದ ನೀವು ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಟಿಸ್ ತಲುಪಿದ 90 ದಿನದೊಳಗೆ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಮಕ್ಕಳೇ ಇಲ್ಲದಿದ್ದರೆ? ಅವರ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಅದಕ್ಕೆ ವಾರಸುದಾರರಾಗುವ ಬಂಧುಗಳೂ ಇದರಡಿ ಬರುತ್ತಾರೆ.

ಮನೆ ಬರೆಸಿಕೊಂಡು ಹೊರಗೆ ಹಾಕಿದ್ದರೆ ದಾನಪತ್ರದ ಪ್ರತಿಯನ್ನು ಉಪನೋಂದಣಿ ಕಚೇರಿಯಿಂದ ತೆಗೆಸಿ. ಕಾಯ್ದೆ ಬಂದ ನಂತರ ಬರೆದ ಪತ್ರವಾಗಿ, ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟಿದ್ದರೆ 23ನೇ ಕಲಮಿನಡಿ ಅದನ್ನು ರದ್ದು ಮಾಡಿಸಬಹುದು. ಷರತ್ತು ಬರವಣಿಗೆಯಲ್ಲಿ ಇದ್ದರೆ ಕೆಲಸ ಸಲೀಸು. ಇಲ್ಲಿ ಮಾತ್ರ ಕಾನೂನು ತಿಳಿದವರ ಸಲಹೆ ಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.

ಆದರೆ ನೂರಕ್ಕೆ ತೊಂಬತ್ತು ಸಲ ಹಿರಿಯರು 'ನನ್ನ ಮಗನ ಮೇಲೆ ಕೇಸಾ? ಬೇಡಪ್ಪಾ' ಅಂತಾರೆ. ನಮ್ಮ ಚಿಕ್ಕಜ್ಜಿಯೂ ಅದನ್ನೇ ಅಂದರು. ಒತ್ತಾಯ ಮಾಡಬೇಡಿ. ಕೇಸು ಅಂದರೆ ಜೈಲು ಅಂತಲ್ಲ, ನ್ಯಾಯಮಂಡಳಿ ಮೊದಲು ಸಂಧಾನ ಅಧಿಕಾರಿಗೆ ಒಪ್ಪಿಸಿ ಮಾತಾಡಿಸಬಹುದು ಅಂತ ಮಾತ್ರ ಹೇಳಿಡಿ. ಆಮೇಲೆ ಅವರಿಗೇ ಬಿಡಿ.

ಹಣ ಬರೋಕೆ ಶುರುವಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಒಂದು ತಿಂಗಳು ಹಣ ನಿಂತರೆ ಮೊದಲು ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಯಾವ ಖಾತೆಗಿದೆ ನೋಡಿ, ಅದು ಸರಿಯಿದ್ದರೆ ಆ ಪಾಸ್‌ಬುಕ್ ಮತ್ತು ಹಳೇ ಸಕಾಲ ಚೀಟಿ ಹಿಡಿದು ನಾಡಕಚೇರಿಗೆ ಹೋಗಿ. ಎಟಿಎಂ ಕಾರ್ಡ್ ಅವರ ಕೈಯಲ್ಲೇ ಇರಲಿ, ನಿಮ್ಮ ಜೇಬಿನಲ್ಲಿ ಬೇಡ.